ಮುಂಬಯಿಯ ಕಿರೀಟವಿಲ್ಲದ ದೊರೆ ಎಸ್.ಕೆ. ಪಾಟೀಲ್

ಚರ್ನಿರೋಡ್ ರೈಲು ನಿಲ್ದಾಣದ ಬಳಿ ಎಸ್.ಕೆ. ಪಾಟೀಲ್ ಹೆಸರಿನ ಉದ್ಯಾನವೊಂದಿದೆ. ಲೋಕಲ್ ಹಿಡಿಯುವ ಧಾವಂತದಲ್ಲಿ ಅದರ ಮುಂದೆ ಹಾದುಹೋಗುವ ತರುಣರಿಗೆ ಈ ಪಾಟೀಲರು ಯಾರೆಂದು ತಿಳಿದಿರಲಾರದು. ಒಂದು ಕಾಲದಲ್ಲಿ ಮಾತ್ರ ಮುಂಬಯಿಯ ಕಿರೀಟವಿಲ್ಲದ ದೊರೆಯೆಂದೇ ಅವರು ಪ್ರಸಿದ್ಧರು.

ಸದಾಶಿವ ಕಾನೋಜಿ ಪಾಟೀಲರು ಹುಟ್ಟಿದ್ದು 1898ರಲ್ಲಿ, ಕೊಂಕಣದ ಸಾವಂತವಾಡಿ ಸೀಮೆಯಲ್ಲಿ. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು, ಹಲವು ಬಾರಿ ಸೆರೆಮನೆ ಕಂಡರು. ಮುಂಬಯಿ ಪ್ರದೇಶ ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಮುಷ್ಟಿಯಲ್ಲಿಟ್ಟುಕೊಂಡರು. ಪಕ್ಷಕ್ಕೆ ನಿಧಿ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಶ್ರೀಮಂತರ ಪಕ್ಷಪಾತಿಯೆಂಬ ಅಪವಾದ ಅಂಟಿದ್ದೂ ಇದರಿಂದಲೇ.

1949ರಿಂದ 1952ರವರೆಗೆ ಸತತ ಮೂರು ವರ್ಷ ಅವರು ಮುಂಬಯಿಯ ಮೇಯರ್. 1888ರ ಕಾಯಿದೆಯಂತೆ ಮಹಾನಗರಪಾಲಿಕೆಯ ಆಡಳಿತಾಧಿಕಾರವೆಲ್ಲ ಕಮಿಷನರರದು, ಮೇಯರರದು ಗೌರವದ ಪೀಠ. ಆದರೆ ಆ ಪೀಠದಲ್ಲಿ ಪಕ್ಷದ ಒಡೆಯನೇ ಕುಳಿತರೆ ಕತೆ ಬೇರೆಯಾಗುತ್ತದೆ. ಅವರ ಅವಧಿಯಲ್ಲೇ, 1950ರಲ್ಲಿ, ನಗರದ ಎಲ್ಲೆ ಪಶ್ಚಿಮದಲ್ಲಿ ಜೋಗೇಶ್ವರಿಗೂ ಪೂರ್ವದಲ್ಲಿ ಭಾಂಡುಪಿಗೂ ಚಾಚಿ ಬೃಹನ್ಮುಂಬಯಿ ರೂಪುಗೊಂಡಿತು.

ಅವರ ಹೆಸರು ಕೆಟ್ಟಿದ್ದು ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ. ತಾವೇ ಮರಾಠಿಗರಾಗಿದ್ದೂ ಮುಂಬಯಿ ಮಹಾರಾಷ್ಟ್ರಕ್ಕೆ ಸೇರಕೂಡದೆಂದು ಅವರು ಹಟ ಹಿಡಿದರು. ಎಲ್ಲ ಭಾಷೆಯವರ ದುಡಿಮೆಯಿಂದ ಬೆಳೆದ ನಗರ ಎಲ್ಲರಿಗೂ ಸೇರಿದ್ದು ಎಂಬುದು ಅವರ ವಾದ. 1955ರ ನವೆಂಬರಿನಲ್ಲಿ ಚೌಪಾಟಿಯಲ್ಲಿ ಮೊರಾರ್ಜಿ ದೇಸಾಯಿಯವರೊಡನೆ ನಡೆಸಿದ ಸಭೆಯನ್ನು ಜನ ಕಲ್ಲು ತೂರಿ ಚದುರಿಸಿದರು. ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಅವರ ನೆನಪಿನದೇ ಹುತಾತ್ಮ ಚೌಕ. ಅದೇ ಸಮಯದಲ್ಲಿ ಏಕೀಕರಣಕ್ಕಾಗಿ ಹಂಬಲಿಸುತ್ತಿದ್ದ ಕನ್ನಡಿಗರಿಗೆ ನೆರೆಯವರ ಈ ಸಂಕಟ ಅರ್ಥವಾಗದ್ದೇನಲ್ಲ. ಹಾಗೆಂದು, ಹೊಟ್ಟೆಪಾಡಿಗೆ ಬಂದವರ ಕಿವಿಗೆ ಪಾಟೀಲರ ವಾದ ಕಹಿಯೂ ಅಲ್ಲ.

1957ರಿಂದ ಅವರು ಕೇಂದ್ರ ಸಚಿವರು. ಆಹಾರ ಖಾತೆಯಲ್ಲಿದ್ದಾಗ 1960ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಪಿ.ಎಲ್.480 ಒಪ್ಪಂದಕ್ಕೆ ಸಹಿ ಹಾಕಿದರು. ನಾಲ್ಕು ವರ್ಷದಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಯ ಒಪ್ಪಂದವದು. ಅಮೆರಿಕದ ಮುಂದೆ ಕೈಚಾಚಿದರೆಂದು ಎಡಪಕ್ಷಗಳು ಜರೆದವು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಚೀಲಕ್ಕೆ ಆ ಗೋಧಿ ಬಿದ್ದದ್ದೂ ನಿಜ.

1964ರಲ್ಲಿ ರೈಲ್ವೆ ಮಂತ್ರಿಯಾದ ಅವರು 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಮತ್ತೆ ಕಣಕ್ಕಿಳಿದರು. ಎದುರಾಳಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಪಾಟೀಲರು ಮೇಯರ್ ಆದ 1949ರಲ್ಲೇ ಕೆಲಸ ಅರಸಿ ಈ ನಗರಕ್ಕೆ ಬಂದು, ಚೌಪಾಟಿಯ ಬೆಂಚಿನಲ್ಲಿ ಮಲಗಿದ ಹುಡುಗ. ಮುಂದೆ ಟ್ಯಾಕ್ಸಿ ಚಾಲಕರ, ಪಾಲಿಕೆ ಕಾರ್ಮಿಕರ ನಾಯಕ. ದೇವರೇ ಬಂದರೂ ತನ್ನನ್ನು ಸೋಲಿಸಲಾರನೆಂದು ಪಾಟೀಲರು ಹೇಳಿದರೆಂಬ ಸುದ್ದಿ ಹಬ್ಬಿತು. ದೇವರಿಗಾಗದ್ದು ಮತದಾರರಿಗಾಗುತ್ತದೆಂದು ಜಾರ್ಜ್ ಕಡೆಯವರು ಗೋಡೆಗೋಡೆಗೂ ಭಿತ್ತಿಪತ್ರ ಹಚ್ಚಿದರು. ಶೇ. 48.5 ಮತ ಪಡೆದು ಜಾರ್ಜ್ ಗೆದ್ದರು.

ಬಳಿಕ ಪಾಟೀಲರು ಗುಜರಾತಿನ ಬನಾಸಕಾಂಠಾದಿಂದ ಲೋಕಸಭೆಗೆ ಹೋದರೂ ಹಿಂದಿನ ವರ್ಚಸ್ಸು ಮರಳಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ವಿರೋಧಿ ಬಣದಲ್ಲಿ ಉಳಿದರು. 1981ರಲ್ಲಿ ತೀರಿಕೊಂಡರು.

ಅವರು ಕುಳಿತಿದ್ದ ರೈಲ್ವೆ ಮಂತ್ರಿಯ ಕುರ್ಚಿಗೆ 1989ರಲ್ಲಿ ಜಾರ್ಜ್ ಬಂದರು. ಮರುವರ್ಷ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಊರಿಗೆ ಹೋಗುವ ನಮ್ಮವರ ರೈಲು ಈಗ ಪಾಟೀಲರ ಸಾವಂತವಾಡಿಯನ್ನು ದಾಟಿಯೇ ಮಂಗಳೂರು ಸೇರುತ್ತದೆ.