ಕ್ಷಯಾಣುವಿನ ಅನ್ವೇಷಕ ರಾಬರ್ಟ್ ಕೋಕ್

ಮನುಕುಲವನ್ನು ಬಹುಕಾಲದಿಂದ ಕಾಡುತ್ತ ಬಂದ ವ್ಯಾಧಿಗಳಲ್ಲಿ ಕ್ಷಯರೋಗವೂ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ, ಸತ್ತ ಏಳು ಮಂದಿಯಲ್ಲಿ ಒಬ್ಬರು ಈ ರೋಗಕ್ಕೆ ಬಲಿಯಾದವರೆಂದು ಅಂದಾಜು ಮಾಡಲಾಗಿತ್ತು. ಆದರೆ ಅದರ ಕಾರಣ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಆ ಕಾರಣವನ್ನು ಜಗತ್ತಿಗೆ ತೋರಿಸಿಕೊಟ್ಟವನು ಜರ್ಮನಿಯ ರಾಬರ್ಟ್ ಕೋಕ್.

ಕೋಕ್ 1843ನೆಯ ಇಸವಿ ಡಿಸೆಂಬರ್ 11ರಂದು ಕ್ಲಾಸ್ತಾಲ್ ಎಂಬ ಗಣಿಯೂರಿನಲ್ಲಿ ಜನಿಸಿದನು. 1866ರಲ್ಲಿ ವೈದ್ಯಪದವಿಯನ್ನು ಪಡೆದು, ಕೆಲವು ವರ್ಷಗಳ ತರುವಾಯ ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣದಲ್ಲಿ ಸರ್ಕಾರಿ ವೈದ್ಯನಾದನು. ಅಲ್ಲಿ ಪ್ರಯೋಗಶಾಲೆಯಿರಲಿಲ್ಲ. ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ಅವನು ಮನೆಯಲ್ಲಿಯೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಂಶೋಧನೆ ನಡೆಸಿದನು. ದನಕುರಿಗಳನ್ನು ಕೊಲ್ಲುವ ನೆರಡಿರೋಗಕ್ಕೆ ಸೂಕ್ಷ್ಮಜೀವಿಯೊಂದು ಕಾರಣವೆಂಬುದನ್ನು 1876ರಲ್ಲಿ ಸ್ಥಾಪಿಸಿದನು. 1880ರಲ್ಲಿ ಬರ್ಲಿನ್ನಿನಲ್ಲಿದ್ದ ಜರ್ಮನ್ ಸಾಮ್ರಾಜ್ಯದ ಆರೋಗ್ಯ ಇಲಾಖೆಯಿಂದ ಅವನಿಗೆ ಕರೆ ಬಂದಿತು.

ಬರ್ಲಿನ್ನಿನಲ್ಲಿ ಕೋಕ್ ಕ್ಷಯರೋಗದ ಮೂಲವನ್ನು ಹುಡುಕತೊಡಗಿದನು. ರೋಗಪೀಡಿತ ಅಂಗಾಂಶಗಳಿಗೆ ಬಣ್ಣ ಹಾಕಿ ಪರೀಕ್ಷಿಸಿದಾಗ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳು ಕಂಡುಬಂದವು. ಅವನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಅವುಗಳನ್ನು ದೇಹದ ಹೊರಗೆ ಬೆಳೆಸಿ, ಗಿನಿಹಂದಿಗಳೆಂಬ ಪುಟ್ಟ ಪ್ರಾಣಿಗಳಿಗೆ ಚುಚ್ಚಿದನು. ಅವುಗಳಿಗೂ ಕ್ಷಯ ತಗುಲಿತು. ಅವುಗಳ ದೇಹದಲ್ಲಿಯೂ ಅದೇ ಜೀವಿಗಳು ದೊರೆತವು. 1882ರ ಮಾರ್ಚ್ 24ರಂದು ಕೋಕ್ ಈ ಶೋಧವನ್ನು ವಿದ್ವಾಂಸರ ಮುಂದಿಟ್ಟನು. ಆ ದಿನವನ್ನು ಇಂದಿಗೂ ವಿಶ್ವ ಕ್ಷಯರೋಗ ದಿನವಾಗಿ ಆಚರಿಸುತ್ತಾರೆ.

ಕಾರಣ ತಿಳಿಯಿತು, ಮದ್ದು ಇನ್ನೂ ದೊರೆತಿರಲಿಲ್ಲ. 1890ರ ಆಗಸ್ಟ್ ತಿಂಗಳಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ, ಗಿನಿಹಂದಿಗಳಲ್ಲಿ ಕ್ಷಯವನ್ನು ತಡೆದು ನಿಲ್ಲಿಸುವ ವಸ್ತುವೊಂದು ತನಗೆ ದೊರೆತಿದೆಯೆಂದು ಕೋಕ್ ಪ್ರಕಟಿಸಿದನು. ಅದರ ಹೆಸರು ಟ್ಯೂಬರ್ಕ್ಯುಲಿನ್. ಅದನ್ನು ತನ್ನ ಮೈಗೂ ಚುಚ್ಚಿಕೊಂಡು ತೀವ್ರವಾದ ಚಳಿಜ್ವರವನ್ನು ಅನುಭವಿಸಿದನು. ನವೆಂಬರ್ ತಿಂಗಳಲ್ಲಿ ರೋಗಿಗಳ ಮೇಲಿನ ಪ್ರಯೋಗದ ವಿವರಗಳು ಪ್ರಕಟವಾದವು. ಆದರೆ ಮದ್ದಿನ ತಯಾರಿಕೆಯನ್ನು ಅವನು ಗುಟ್ಟಾಗಿಯೇ ಇಟ್ಟಿದ್ದನು. ದೇಶವಿದೇಶಗಳ ರೋಗಿಗಳು ಪ್ರಾಣದಾಸೆಯಿಂದ ಬರ್ಲಿನ್ನಿಗೆ ಧಾವಿಸಿದರು.

ಆ ಆಸೆ ಬಹುಕಾಲ ಉಳಿಯಲಿಲ್ಲ. ಚರ್ಮದ ಕ್ಷಯದಲ್ಲಿ ಮೊದಮೊದಲು ಗುಣ ಕಂಡಂತಾಯಿತು. ಆದರೆ ಶ್ವಾಸಕೋಶದ ಕ್ಷಯವುಳ್ಳ ಹಲವರು ಚಿಕಿತ್ಸೆಯ ಬಳಿಕ ಮರಣ ಹೊಂದಿದರು. 1891ರ ಜನವರಿಯಲ್ಲಿ ವಿರ್ಕೋ ಎಂಬ ಪ್ರಸಿದ್ಧ ವೈದ್ಯವಿಜ್ಞಾನಿ ಅಂಥವರ ದೇಹಗಳನ್ನು ಪರೀಕ್ಷಿಸಿ, ಕ್ಷಯಾಣುಗಳು ನಾಶವಾಗಿಲ್ಲವೆಂದೂ ರೋಗ ಹೊಸ ಭಾಗಗಳಿಗೆ ಹರಡಿರುವಂತೆ ತೋರುತ್ತದೆಂದೂ ತಿಳಿಸಿದನು. ಅದೇ ತಿಂಗಳು ಕೋಕ್ ತನ್ನ ಗುಟ್ಟನ್ನು ಹೊರಗೆಡಹಿದನು. ಟ್ಯೂಬರ್ಕ್ಯುಲಿನ್, ಕ್ಷಯಾಣುಗಳ ಕೃಷಿಯಿಂದ ಗ್ಲಿಸರಿನ್ ಬಳಸಿ ತೆಗೆದ ಸಾರವಾಗಿತ್ತು. ಕ್ಷಯಾಣುವನ್ನು ಕಂಡುಹಿಡಿಯುವಾಗ ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ ಇಟ್ಟವನು, ಮದ್ದಿನ ವಿಷಯದಲ್ಲಿ ಅವಸರಪಟ್ಟಿದ್ದನು.

ಆದರೂ ಆ ಶ್ರಮ ಸಂಪೂರ್ಣವಾಗಿ ವ್ಯರ್ಥವಾಗಲಿಲ್ಲ. ಕ್ಷಯಾಣು ಹೊಕ್ಕ ದೇಹವು ಟ್ಯೂಬರ್ಕ್ಯುಲಿನ್ನಿಗೆ ವಿಶೇಷವಾಗಿ ಪ್ರತಿಕ್ರಿಯೆ ತೋರುತ್ತದೆ. ಈ ಗುಣವನ್ನು ಆಧರಿಸಿ 1907ರಲ್ಲಿ ಪಿರ್ಕೆ, 1908ರಲ್ಲಿ ಮಾಂಟೂ ಎಂಬ ವೈದ್ಯರು ಸೋಂಕನ್ನು ಪತ್ತೆಹಚ್ಚುವ ಚರ್ಮಪರೀಕ್ಷೆಗಳನ್ನು ರೂಪಿಸಿದರು. ಚಿಕಿತ್ಸೆಯಾಗಿ ಸೋತದ್ದು ಪರೀಕ್ಷಾಸಾಧನವಾಗಿ ಉಪಕರಿಸಿತು.

ಕ್ಷಯರೋಗದ ಸಂಶೋಧನೆಗಾಗಿ ಕೋಕ್‌ನಿಗೆ 1905ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1910ರ ಮೇ 27ರಂದು ಅವನು ನಿಧನ ಹೊಂದಿದನು. ರೋಗ ತಗುಲಿದವರನ್ನು ಗುಣಪಡಿಸಬಲ್ಲ ಲಸಿಕೆಗಾಗಿ ವಿಜ್ಞಾನಿಗಳು ಇಂದೂ ಶ್ರಮಿಸುತ್ತಿದ್ದಾರೆ. ಅಂಥ ಲಸಿಕೆಗಳನ್ನು ಇಲಿ, ಗಿನಿಹಂದಿ ಮೊದಲಾದ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಫಲಿತಾಂಶಗಳನ್ನು ಪ್ರಕಟಿಸಿ, ಅನಂತರವೇ ಹಂತಹಂತವಾಗಿ ಮನುಷ್ಯರಲ್ಲಿ ಪ್ರಯೋಗಿಸುತ್ತಾರೆ. ಪ್ರಾಣಿಯಲ್ಲಿ ದೊರೆತ ಗೆಲುವು ಮನುಷ್ಯನಲ್ಲಿಯೂ ದೊರೆಯುವುದೆಂದು ಮೊದಲೇ ನಂಬಲಾಗದು. ಕೋಕ್‌ನ ಗೆಲುವಿನಿಂದ ಲೋಕವು ಕ್ಷಯದ ಕಾರಣವನ್ನು ಅರಿತಂತೆ, ಅವನ ಸೋಲಿನಿಂದ ಈ ಎಚ್ಚರವನ್ನೂ ಕಲಿಯಿತು.