ಕ್ಯಾಮೆರಾ ಮಾಡಿದವರ ಮನೆಗೂ ಬಂತು ಫೈನ್!

ರಾತ್ರಿ ಡ್ಯೂಟಿ ಮುಗಿಸಿ ವ್ಯಾನ್ ಓಡಿಸಿಕೊಂಡು ಬರುವಾಗ ರಸ್ತೆ ಬದಿಯಲ್ಲಿ ಫಳ್ ಅಂತ ಬೆಳಕು ಮಿಂಚಿದರೆ ಗಲ್ಫ್‌ನ ಡ್ರೈವರುಗಳ ಎದೆ ಧಸಕ್ ಅನ್ನುತ್ತದೆ. ಯುಎಇಯಲ್ಲಿ ಸಿಗ್ನಲ್ ಜಂಪ್ ಮಾಡಿದರೆ 1000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್, ಮೇಲೆ 30 ದಿನ ಗಾಡಿ ಜಪ್ತಿ. ಆ ತಿಂಗಳು ಊರಿಗೆ ಹೋಗಬೇಕಾದ ದುಡ್ಡಿಗೆ ಕತ್ತರಿ ಬಿತ್ತು ಅಂತಲೇ ಲೆಕ್ಕ. ಈ ಬೆಳಕನ್ನು ರಸ್ತೆಗೆ ತಂದವರಲ್ಲಿ ಮೊದಲಿಗರು ಯಾರು ಎಂದು ಕೇಳಿದರೆ ಪೊಲೀಸರೇ ಇರಬೇಕು ಅಂದುಕೊಳ್ಳುತ್ತೇವೆ. ಅಲ್ಲ. ಕಾರನ್ನು ಇನ್ನೂ ಜೋರಾಗಿ ಓಡಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ ಒಬ್ಬ ರ‍್ಯಾಲಿ ಚಾಲಕರು ಅವರು. ಹೆಸರು ಮೌರಿಸ್ ಗಾಟ್ಸೊನಿಡೆಸ್.

ಹುಟ್ಟಿದ್ದು 1911ರ ಫೆಬ್ರವರಿ 14ರಂದು, ಜಾವಾ ದ್ವೀಪದ ಗೊಂಬೊಂಗ್ ಎಂಬ ಊರಿನಲ್ಲಿ. ಇಂದಿನ ಇಂಡೋನೇಷ್ಯಾ ಆಗ ಡಚ್ಚರ ಕೈಯಲ್ಲಿತ್ತು. ಮುಂದೆ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದ ಅವರಿಗೆ ಮೋಟಾರಿನ ಹುಚ್ಚು ಹಿಡಿಯಿತು. ಎರಡನೇ ಮಹಾಯುದ್ಧಕ್ಕೆ ಮೊದಲೇ ರ‍್ಯಾಲಿಗಳಿಗೆ ಹೋಗತೊಡಗಿದ್ದರು. ಯುದ್ಧ ಮುಗಿದ ಮೇಲೆ ಹೀಮ್‌ಸ್ಟೆಡ್ ಎಂಬಲ್ಲಿ ಸ್ವಂತ ಹೆಸರಿನ ಕಾರುಗಳನ್ನೇ ಕಟ್ಟಲು ಕೈ ಹಾಕಿದರು. ಫೋರ್ಡ್ ಕಂಪನಿಯ ಬಿಡಿಭಾಗ, ಇವರದೇ ವಿನ್ಯಾಸ. ಎದುರಿಗೆ ಎರಡು ದೀಪದ ಬದಲು ಮಧ್ಯದಲ್ಲಿ ಮೂರನೆಯದೂ ಒಂದು!

ಕಾರು ಚೆನ್ನಾಗಿತ್ತು, ವ್ಯಾಪಾರ ಚೆನ್ನಾಗಿರಲಿಲ್ಲ. ಯುದ್ಧದಿಂದ ಬಸವಳಿದ ದೇಶದಲ್ಲಿ ಅಂಥ ದುಬಾರಿ ಸ್ಪೋರ್ಟ್ಸ್ ಕಾರು ಕೊಳ್ಳುವವರು ಎಷ್ಟು ಜನ ಸಿಕ್ಕಾರು? ತಯಾರಾದದ್ದು ಬೆರಳೆಣಿಕೆಯಷ್ಟು. ಖರ್ಚಿನ ಕಾಲಂ ಬೆಳೆಯಿತು, ಜಮೆಯ ಕಾಲಂ ಬೆಳೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಬೇಕಾಯಿತು. ಊರಲ್ಲಿ ಅಂಗಡಿ ಇಟ್ಟು ಕೈಸುಟ್ಟುಕೊಂಡು ಮತ್ತೆ ವಿಮಾನ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸ್ಟಿಯರಿಂಗ್ ಮಾತ್ರ ಅವರು ಬಿಡಲಿಲ್ಲ. 1950ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಹಂಬರ್ ಸೂಪರ್ ಸ್ನೈಪ್ ಎಂಬ ಭಾರೀ ಗಾಡಿಯನ್ನು ಎರಡನೇ ಸ್ಥಾನಕ್ಕೆ ತಂದರು. 1953ರ ಜನವರಿಯಲ್ಲಿ, 41ನೇ ವಯಸ್ಸಿನಲ್ಲಿ, ಫೋರ್ಡ್ ಜೆಫಿರ್ ಕಾರಿನಲ್ಲಿ ಪೀಟರ್ ವರ್ಲೆಜ್ ಎಂಬ ಜೊತೆಗಾರನೊಂದಿಗೆ ಅದೇ ರ‍್ಯಾಲಿಯನ್ನು ಗೆದ್ದೇಬಿಟ್ಟರು. ಜಾಗ್ವಾರ್ ಓಡಿಸುತ್ತಿದ್ದ ಇಯಾನ್ ಆಪಲ್‌ಯಾರ್ಡ್ ಕೂದಲೆಳೆ ಅಂತರದಲ್ಲಿ ಎರಡನೆಯವರಾದರು.

ಆ ಕಾಲದ ರ‍್ಯಾಲಿ ಎಂದರೆ ಬರೀ ಓಟದ ಪಂದ್ಯವಲ್ಲ. ಯುರೋಪಿನ ಬೇರೆ ಬೇರೆ ಊರುಗಳಿಂದ ಹೊರಟ ಕಾರುಗಳು ಹಿಮ, ಮಂಜು ದಾಟಿ ಮೊನಾಕೊ ಸೇರಬೇಕು. ಕೊನೆಯ ಬೆಟ್ಟದ ದಾರಿಯಲ್ಲಿ ನಿಗದಿಯಾದ ಸರಾಸರಿ ವೇಗವನ್ನೇ ಕಾಯ್ದುಕೊಳ್ಳಬೇಕು. ತಡವಾದರೂ ಅಂಕ ಹೋಯಿತು, ಬೇಗ ಬಂದರೂ ಅಂಕ ಹೋಯಿತು. ಹಾಗಾಗಿ ಸೆಕೆಂಡಿನ ಬೆಲೆ ಗಾಟ್ಸೊನಿಡೆಸ್ ಅವರಿಗೆ ಗೊತ್ತಿದ್ದಷ್ಟು ಪೊಲೀಸರಿಗೂ ಗೊತ್ತಿರಲಿಲ್ಲ ಅನ್ನಬಹುದು.

ಅವರ ತಲೆಯಲ್ಲಿ ಕೊರೆಯುತ್ತಿದ್ದದ್ದು ತಿರುವುಗಳು. ಒಂದು ತಿರುವಿಗೆ ಯಾವ ವೇಗದಲ್ಲಿ ನುಗ್ಗಿದರೆ ಯಾವ ವೇಗದಲ್ಲಿ ಹೊರಗೆ ಬರುತ್ತೇವೆ? ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಲೆಕ್ಕ ತಪ್ಪುತ್ತದೆ. 10 ಮೀಟರ್ ದೂರವನ್ನು ಕಾರು 0.4 ಸೆಕೆಂಡಿನಲ್ಲಿ ದಾಟಿದರೆ ವೇಗ ಗಂಟೆಗೆ 90 ಕಿ.ಮೀ. ಅದನ್ನೇ 0.5 ಸೆಕೆಂಡ್ ಅಂತ ಬರೆದುಕೊಂಡರೆ 72 ಕಿ.ಮೀ. ಬೆರಳು ಒಂಚೂರು ತಡಮಾಡಿದ್ದಕ್ಕೆ 18 ಕಿ.ಮೀ. ವ್ಯತ್ಯಾಸ! ಅದಕ್ಕೆ ಅವರು ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಕೊಳವೆ ಹಾಸಿದರು. ಮೊದಲನೆಯದನ್ನು ಚಕ್ರ ತುಳಿದಾಗ ಗಡಿಯಾರ ಶುರು, ಎರಡನೆಯದನ್ನು ತುಳಿದಾಗ ಬಂದ್. ಮನುಷ್ಯರ ಬೆರಳಿನ ಹಂಗೇ ಇಲ್ಲ. ಇದೇ ಗಾಟ್ಸೊಮೀಟರ್.

ತಾನು ಬೇಗ ಹೋಗಲೆಂದು ಮಾಡಿದ ಸಾಧನ ಬೇರೆಯವರನ್ನು ನಿಧಾನ ಮಾಡಿಸಲೂ ಆಗುತ್ತದೆ ಎಂಬುದು ಹೊಳೆದದ್ದೇ ತಡ, ದಾರಿ ಬದಲಾಯಿತು. 1958ರಲ್ಲಿ ಗಾಟ್ಸೊಮೀಟರ್ ಕಂಪನಿ ಶುರುವಾಯಿತು. ಕಾರು ಕಟ್ಟಿ ಸೋತವರಿಗೆ 47ನೇ ವಯಸ್ಸಿನಲ್ಲಿ ಕೈಹಿಡಿದದ್ದು ಕಾರನ್ನು ಅಳೆಯುವ ಯಂತ್ರ.

ಕೊಳವೆಗೆ ಕ್ಯಾಮೆರಾ ಜೋಡಿಸಿದ್ದು ಆಮೇಲೆ. 1960ರ ದಶಕದಲ್ಲಿ ಕೆಂಪು ದೀಪ ದಾಟುವವರನ್ನು ಹಿಡಿಯುವ ಕ್ಯಾಮೆರಾ ಬಂತು. ಅದರ ಮರ್ಮ ಸರಳ. ಸಿಗ್ನಲ್ ಹಸಿರಾಗಿದ್ದಾಗ ಕ್ಯಾಮೆರಾ ನಿದ್ದೆಯಲ್ಲಿರುತ್ತದೆ, ಕೆಂಪಾದ ಮೇಲೆ ಗೆರೆ ದಾಟಿದವರ ಫೋಟೋ ಮಾತ್ರ ತೆಗೆಯುತ್ತದೆ. ಮುಂದೆ ಇಂಥ ಕ್ಯಾಮೆರಾಗಳಲ್ಲಿ ಎರಡೆರಡು ಫೋಟೋ ರೂಢಿಯಾಯಿತು: ಒಂದು ಗೆರೆಯ ಹತ್ತಿರ, ಇನ್ನೊಂದು ಜಂಕ್ಷನ್ ನಡುವೆ. ಬ್ರೇಕ್ ಒತ್ತಿ ಗೆರೆ ಮೀರಿ ಒಂದಡಿ ಮುಂದೆ ನಿಂತವರಿಗೂ ಬೇಕಂತಲೇ ನುಗ್ಗಿದವರಿಗೂ ವ್ಯತ್ಯಾಸ ತಿಳಿಯಬೇಡವೇ? 1970ರ ದಶಕದಲ್ಲಿ ಕೊಳವೆಯ ಜಾಗಕ್ಕೆ ರೇಡಾರ್ ಬಂತು. ಬ್ರಿಟನ್‌ನಲ್ಲಿ 1992ರಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಸೇತುವೆಯಲ್ಲಿ ವೇಗದ ಕ್ಯಾಮೆರಾ ನಿಂತಿತು. ಅಲ್ಲಿನ ಜನ ಇಂಥ ಡಬ್ಬಿಯನ್ನು ಇವತ್ತಿಗೂ ಗಾಟ್ಸೊ ಅಂತಲೇ ಕರೆಯುತ್ತಾರೆ. ಅರ್ಧ ಸೆಕೆಂಡ್ ಅಂತರದಲ್ಲಿ ಎರಡು ಫೋಟೋ, ರಸ್ತೆ ಮೇಲೆ ಅಳೆದು ಬಳಿದ ಬಿಳಿ ಗೆರೆಗಳು. ರೇಡಾರ್ ಹೇಳಿದ್ದು ಸರಿಯೋ ಎಂದು ಗೆರೆ ಎಣಿಸಿ ತಾಳೆ ನೋಡುವ ವ್ಯವಸ್ಥೆ. ಒಂದು ಲೆಕ್ಕಕ್ಕೆ ಎರಡು ವೋಚರ್ ಇದ್ದ ಹಾಗೆ. ಆಗಿನದು ಫಿಲ್ಮ್ ರೋಲ್, ಮುಗಿದರೆ ಡಬ್ಬಿ ಕುರುಡು.

ಈ ಡಬ್ಬಿಗಳನ್ನು ಶಪಿಸಿದವರು ಕಡಿಮೆ ಏನಲ್ಲ. ಜನರ ಜೇಬಿಗೆ ಕೈ ಹಾಕುವ ಯಂತ್ರ ಅಂದವರಿದ್ದರು, ಈಗಲೂ ಇದ್ದಾರೆ. ಗಾಟ್ಸೊನಿಡೆಸ್ ಅವರಿಗೆ ಅದು ಹೊಸದಲ್ಲ, ಏಕೆಂದರೆ ಅವರ ಬಲಗಾಲು ವಯಸ್ಸಾದ ಮೇಲೂ ಹಗುರಾಗಲಿಲ್ಲ. ತಮ್ಮದೇ ಕ್ಯಾಮೆರಾಗಳಿಗೆ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು, ಭರ್ಜರಿ ದಂಡದ ನೋಟಿಸ್ ಮನೆ ಬಾಗಿಲಿಗೇ ಬರುತ್ತಿತ್ತು. ಅದನ್ನವರು ಮುಚ್ಚಿಡಲಿಲ್ಲ. ವೇಗ ತಮಗೆ ಇಷ್ಟವೆಂದು ಎಲ್ಲರೆದುರೇ ಒಪ್ಪಿಕೊಂಡಿದ್ದರು. ಯಂತ್ರ ಮಾತ್ರ ಒಡೆಯನ ಗುರುತು ಹಿಡಿಯಲಿಲ್ಲ.

1998ರ ನವೆಂಬರ್ 29ರಂದು 87ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕಂಪನಿ ಕುಟುಂಬದ ಕೈಯಲ್ಲೇ ಮುಂದುವರಿದು, 2015ರಲ್ಲಿ ಸ್ವೀಡನ್ನಿನ ಸೆನ್ಸಿಸ್ ಜೊತೆ ಒಂದಾಯಿತು. ಸೆನ್ಸಿಸ್ ಗಾಟ್ಸೊ ಎಂಬ ಹೊಸ ಹೆಸರಿನಲ್ಲೂ ಆ ಹಳೆಯ ರ‍್ಯಾಲಿ ಚಾಲಕರ ಅರ್ಧ ಹೆಸರು ಉಳಿದಿದೆ.