ದುಂಡು ಗರಗಸ ಕಂಡುಹಿಡಿದದ್ದು ತಬಿತಾ ಬ್ಯಾಬಿಟ್ ಎಂಬ ಫಾರ್ವರ್ಡ್ ಎಷ್ಟು ನಿಜ? ಮನೆಗೆ ಟೇಬಲ್ ಸಾ ಕೊಳ್ಳುವವರೂ ಓದಬೇಕಾದ ಕತೆ

ಮಹಿಳಾ ದಿನ ಹತ್ತಿರವಾದಂತೆ ಮಹಿಳಾ ಸಂಶೋಧಕರ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡತೊಡಗುತ್ತವೆ. ಕಾರಿನ ವೈಪರ್, ಪಾತ್ರೆ ತೊಳೆಯುವ ಯಂತ್ರಗಳ ಜೊತೆಗೆ ಅಲ್ಲಿ ದುಂಡು ಗರಗಸವೂ ಇರುತ್ತದೆ, ಅದರ ಪಕ್ಕದಲ್ಲಿ ತಬಿತಾ ಬ್ಯಾಬಿಟ್ ಎಂಬ ಹೆಸರಿರುತ್ತದೆ. 1813ರಲ್ಲಿ ಅಮೆರಿಕದ ಒಬ್ಬ ನೇಕಾರ ಮಹಿಳೆ ತಗಡಿನ ಬಿಲ್ಲೆಗೆ ಹಲ್ಲು ಕೊಯ್ದು, ಅದನ್ನು ಚರಕಕ್ಕೆ ಸಿಕ್ಕಿಸಿ ಜಗತ್ತಿನ ಮೊದಲ ದುಂಡು ಗರಗಸ ಮಾಡಿದರು. ಧರ್ಮದ ಕಟ್ಟಳೆಯಿಂದಾಗಿ ಪೇಟೆಂಟ್ ಪಡೆಯಲಿಲ್ಲ. ಕೊನೆಗೆ ಇಬ್ಬರು ಫ್ರೆಂಚರು ಆ ಯೋಚನೆಯನ್ನು ಹೊಡೆದುಕೊಂಡು ಹೋದರು. ಕತೆ ಇಷ್ಟು.

ತಬಿತಾ ಬ್ಯಾಬಿಟ್ ಕಾಲ್ಪನಿಕ ವ್ಯಕ್ತಿ ಅಲ್ಲ. ಚರಕ, ತಗಡು, ಹಲ್ಲು ಎಲ್ಲವೂ ಆಗಿರಬಹುದಾದ ಸಂಗತಿಗಳೇ. ಆದರೆ "ಜಗತ್ತಿನ ಮೊದಲ" ಎಂಬ ಎರಡು ಪದ ತಪ್ಪು. ಈ ತಪ್ಪು ಬರೀ ಇತಿಹಾಸದ ಕ್ವಿಜ್‌ಗೆ ಸಂಬಂಧಪಟ್ಟದ್ದಲ್ಲ. ಇಂದು ಮನೆಯ ಶೆಡ್ಡಿನಲ್ಲಿ ಕಡಿಮೆ ಖರ್ಚಿನಲ್ಲಿ ಟೇಬಲ್ ಸಾ ಹಾಕಿಕೊಳ್ಳಲು ಹೊರಟವರೂ ಇದೇ ತಪ್ಪು ಮಾಡುತ್ತಾರೆ. ತಿರುಗುವ ಬಿಲ್ಲೆಯೊಂದಿದ್ದರೆ ಯಂತ್ರ ಆಯಿತು ಎಂದುಕೊಳ್ಳುತ್ತಾರೆ.

ಹಾರ್ವರ್ಡ್ ಎಂಬ ಹಳ್ಳಿಯ ಹುಡುಗಿ

ತಬಿತಾ ಹುಟ್ಟಿದ್ದು 1779ರ ಡಿಸೆಂಬರ್ 9ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ಡ್‌ವಿಕ್ ಊರಿನಲ್ಲಿ. ತಂದೆ ಸೇತ್, ತಾಯಿ ಎಲಿಜಬೆತ್. 1793ರ ಆಗಸ್ಟ್‌ನಲ್ಲಿ, 13ನೇ ವಯಸ್ಸಿಗೆ, ಹಾರ್ವರ್ಡ್‌ನ ಶೇಕರ್ ಸಮುದಾಯ ಸೇರಿದರು. ಹೆಸರು ನೋಡಿ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂದುಕೊಳ್ಳಬೇಡಿ. ವಿಶ್ವವಿದ್ಯಾಲಯ ಇರುವುದು ಕೇಂಬ್ರಿಜ್‌ನಲ್ಲಿ. ಇದು ಅದೇ ರಾಜ್ಯದಲ್ಲಿರುವ ಹಾರ್ವರ್ಡ್ ಎಂಬ ಬೇರೆಯೇ ಊರು.

ಶೇಕರರು ಒಂದು ಕ್ರೈಸ್ತ ಪಂಗಡದವರು. ಪ್ರಾರ್ಥನೆಯ ಹೊತ್ತಿನಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದುದರಿಂದ ಆ ಹೆಸರು ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆನ್ ಲೀ ಎಂಬ ಮಹಿಳೆ 1774ರಲ್ಲಿ ಕೆಲವೇ ಅನುಯಾಯಿಗಳೊಂದಿಗೆ ಅಮೆರಿಕಕ್ಕೆ ಬಂದು ಅದನ್ನು ಬೆಳೆಸಿದರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ದುಡಿದದ್ದೆಲ್ಲ ಎಲ್ಲರದು. ಗಂಡಸರೂ ಹೆಂಗಸರೂ ಬೇರೆ ಬೇರೆ ಸಾಲಿನಲ್ಲಿ ಬದುಕುತ್ತಿದ್ದರು, ಕೆಲಸವೂ ಬಹುಪಾಲು ಬೇರೆಯೇ. ಆದರೆ ಆಡಳಿತದಲ್ಲಿ ಹೆಂಗಸರಿಗೆ ಗಂಡಸರಷ್ಟೇ ಅಧಿಕಾರವಿತ್ತು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂದಿನ ಮಾತು ಎಂದು ತಿಳಿಯುತ್ತದೆ. ನಮ್ಮ ಪ್ರಕಾರ ತಬಿತಾ ಕತೆಯಲ್ಲಿ ಫಾರ್ವರ್ಡ್ ಮಾಡಲು ಯೋಗ್ಯವಾದ ಭಾಗ ಇದೇ. ಪಟ್ಟಿಗಳಲ್ಲಿ ಕಾಣೆಯಾಗುವ ಭಾಗವೂ ಇದೇ.

ಕೆಲಸ ಎಂದರೆ ಪೂಜೆ ಎಂದು ನಂಬಿದವರು ಅವರು. ಚಪ್ಪಟೆ ಪೊರಕೆ, ಸರಳವಾದ ಕುರ್ಚಿ, ಪೊಟ್ಟಣದಲ್ಲಿ ಮಾರುವ ತರಕಾರಿ ಬೀಜ, ಔಷಧಿ ಸೊಪ್ಪು ಇವೆಲ್ಲ ಶೇಕರರ ಹೆಸರನ್ನು ಊರೂರಿಗೆ ಒಯ್ದವು. ತಬಿತಾ ಅವರ ಕೆಲಸ ನೂಲುವುದು, ನೇಯುವುದು.

ಅರ್ಧ ಎಳೆತ ದಂಡ

ಶೇಕರರ ನಡುವೆ ಉಳಿದುಬಂದ ಕತೆಯಂತೆ, ಇಬ್ಬರು ಗಂಡಸರು ಉದ್ದ ಗರಗಸದಿಂದ ದಿಮ್ಮಿ ಸೀಳುತ್ತಿದ್ದುದನ್ನು ತಬಿತಾ ನೋಡುತ್ತಿದ್ದರು. ಗರಗಸ ಒಂದು ದಿಕ್ಕಿಗೆ ಹೋಗುವಾಗ ಮರ ಕೊಯ್ಯುತ್ತದೆ, ವಾಪಸ್ ಬರುವಾಗ ಸುಮ್ಮನೆ ಬರುತ್ತದೆ. ಅರ್ಧ ಶ್ರಮ ದಂಡ. ತಾನು ಕೂತು ನೂಲುವ ಚರಕದ ಚಕ್ರವಾದರೋ ಒಂದೇ ದಿಕ್ಕಿಗೆ ನಿಲ್ಲದೆ ತಿರುಗುತ್ತದೆ. ಹಲ್ಲುಗಳನ್ನು ಚಕ್ರದ ಅಂಚಿಗೇ ಇಟ್ಟರೆ?

ಈ ಲೆಕ್ಕ ಸರಿಯಾಗಿದೆ. ನಮ್ಮಲ್ಲೂ ದಿಮ್ಮಿಯನ್ನು ಎತ್ತರದಲ್ಲಿಟ್ಟು ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಹಲಗೆ ಸೀಳುತ್ತಿದ್ದರು. ಆ ಬಗೆಯ ಗರಗಸ ಕೊಯ್ಯುವುದು ಕೆಳಕ್ಕೆ ಎಳೆದಾಗ ಮಾತ್ರ. (ಮರವನ್ನು ಅಡ್ಡಕ್ಕೆ ತುಂಡು ಮಾಡುವ ಇಬ್ಬರ ಗರಗಸ ಎರಡೂ ಕಡೆ ಕೊಯ್ಯುತ್ತದೆ. ಅದು ಬೇರೆ ಹಲ್ಲಿನದು.)

ಚರಕವೂ ಸರಿಯಾದ ಆಯ್ಕೆಯೇ. ದೊಡ್ಡ ಚಕ್ರದ ದಾರ ಸಣ್ಣ ಕದಿರನ್ನು ತಿರುಗಿಸುತ್ತದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹತ್ತಾರು ಸುತ್ತು ಬಂದಿರುತ್ತದೆ. ತೆಳು ತಗಡು ಬಾಗುವುದಿಲ್ಲವೇ ಎಂದು ಕೇಳಬಹುದು. ವೇಗವಾಗಿ ತಿರುಗುವ ಬಿಲ್ಲೆಯ ಅಂಚು ಹೊರಕ್ಕೆ ಎಳೆಯಲ್ಪಟ್ಟು ಬಿಗಿಯಾಗಿ ನಿಲ್ಲುತ್ತದೆ. ದುಂಡಗೆ ಕತ್ತರಿಸಿದ ಕಾಗದ ಮೋಟಾರಿನ ಮೇಲೆ ತಿರುಗಿ ತೆಳು ಮರವನ್ನು ಕೊಯ್ಯುವ ವಿಡಿಯೊ ನೀವು ನೋಡಿರಬಹುದು. ಅದರ ಗುಟ್ಟೂ ಇದೇ. ಹಾಗಾಗಿ ತಬಿತಾ ಅವರ ತಗಡಿನ ಬಿಲ್ಲೆ ತೆಳು ಹಲಗೆಯೊಂದನ್ನು ಕೊಯ್ದಿತು ಎಂದರೆ ನಂಬಬಹುದು.

ಹುಟ್ಟುವ ಎರಡು ವರ್ಷ ಮೊದಲೇ

ಎಡವಟ್ಟು ಇರುವುದು ತಾರೀಖಿನಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬಾತನಿಗೆ 1777ರಲ್ಲಿ ಗಾಳಿಯಿಂದ ಓಡುವ ಗರಗಸ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಅದರಲ್ಲಿ ದುಂಡನೆಯ ಗರಗಸಗಳ ಪ್ರಸ್ತಾಪವಿದೆ. ಆಗ ತಬಿತಾ ಹುಟ್ಟಿಯೇ ಇರಲಿಲ್ಲ! ಅದೇ ಊರಿನ ವಾಲ್ಟರ್ ಟೇಲರ್ ಬ್ರಿಟಿಷ್ ನೌಕಾಪಡೆಗೆ ಮರದ ರಾಟೆ ಮಾಡಿಕೊಡಲು ದುಂಡು ಗರಗಸಗಳನ್ನು ಬಳಸುತ್ತಿದ್ದ. ಹಾಯಿಹಡಗಿನ ಹಗ್ಗಗಳು ಓಡುವುದೇ ಇಂಥ ರಾಟೆಗಳ ಮೇಲೆ. ದೊಡ್ಡ ಯುದ್ಧನೌಕೆಯೊಂದಕ್ಕೆ ಸುಮಾರು ಸಾವಿರ ಬೇಕು, ಇಡೀ ನೌಕಾಪಡೆಗೆ ವರ್ಷಕ್ಕೆ ಲಕ್ಷದ ಲೆಕ್ಕ.

ಆ ಬೇಡಿಕೆಯೇ ಪೋರ್ಟ್ಸ್‌ಮತ್ ಬಂದರಿನಲ್ಲಿ ದೊಡ್ಡ ಕಾರ್ಖಾನೆ ಹುಟ್ಟಿಸಿತು. ಯಂತ್ರಗಳ ವಿನ್ಯಾಸ ಮಾರ್ಕ್ ಇಸಾಂಬಾರ್ಡ್ ಬ್ರುನೆಲ್ ಅವರದು, ತಯಾರಿಕೆ ಹೆನ್ರಿ ಮಾಡ್ಸ್ಲೆ ಅವರದು. 1808ರ ಹೊತ್ತಿಗೆ ಅಲ್ಲಿ 10 ಜನ 110 ಜನರ ಕೆಲಸ ಮಾಡುತ್ತಿದ್ದರು ಎಂಬುದು ಯಂತ್ರಗಳ ಇತಿಹಾಸದಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ. ಬ್ರುನೆಲ್ ಹುಟ್ಟಿನಿಂದ ಫ್ರೆಂಚರು. ಆದರೆ ಕದ್ದರು ಎಂಬ ಮಾತು ಇವರಿಗೂ ಅಂಟುವುದಿಲ್ಲ. ಆ ಗರಗಸಗಳು 1813ಕ್ಕೆ ಮೊದಲೇ ಓಡುತ್ತಿದ್ದವು.

ಅಷ್ಟೇ ಅಲ್ಲ, ಶೇಕರರೊಳಗೇ ಮೊದಲಿಗರು ಬೇರೆಯವರು ಎಂಬ ವಾದವಿದೆ. ಶೇಕರ್ ಇತಿಹಾಸದ ಸಂಶೋಧಕರೊಬ್ಬರು ಅಮೋಸ್ ಬಿಷಪ್ ಅಥವಾ ಬೆಂಜಮಿನ್ ಬ್ರೂಸ್ 1793ರಲ್ಲೇ ಇದನ್ನು ಮಾಡಿರಬೇಕು, ಇಲ್ಲವೇ ಇದು ಶೇಕರರ ಶೋಧವೇ ಅಲ್ಲ ಎಂದಿದ್ದಾರೆ. ಇನ್ನು ಪೇಟೆಂಟ್ ಮಾತು. ಶೇಕರರು ಆರಂಭದಲ್ಲಿ ಪೇಟೆಂಟ್‌ಗೆ ಕೈ ಹಾಕುತ್ತಿರಲಿಲ್ಲ, ನಿಜ. ನಂತರದ ದಶಕಗಳಲ್ಲಿ ಬಟ್ಟೆ ಒಗೆಯುವ ಯಂತ್ರದಂಥವಕ್ಕೆ ಅವರೇ ಪೇಟೆಂಟ್ ಪಡೆದದ್ದೂ ನಿಜ.

ಹಾರ್ವರ್ಡ್ ಹಳ್ಳಿಗೂ ಪೋರ್ಟ್ಸ್‌ಮತ್ ಬಂದರಿಗೂ ನಡುವೆ ಒಂದು ಮಹಾಸಾಗರವಿದೆ. ಯಾರನ್ನೂ ನೋಡದೆ ತಬಿತಾ ತಾವೇ ಇದನ್ನು ಕಂಡುಕೊಂಡಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದರೂ ಮೊದಲಿಗರು ಎನ್ನಲಾಗದು.

ಬಿಲ್ಲೆ ಸುಲಭ, ಉಳಿದದ್ದು ಕಷ್ಟ

ಪೋರ್ಟ್ಸ್‌ಮತ್‌ನಲ್ಲಿ ಗೆದ್ದದ್ದು ಬಿಲ್ಲೆಯೊಂದೇ ಅಲ್ಲ. ಅಲುಗಾಡದ ಕಬ್ಬಿಣದ ಚೌಕಟ್ಟು, ಓಲಾಡದ ಅಕ್ಷ, ಮರವನ್ನು ನೇರವಾಗಿ ಹಿಡಿಯುವ ವ್ಯವಸ್ಥೆ ಇವೆಲ್ಲ ಸೇರಿ ಅದು ಯಂತ್ರವಾಯಿತು. ಟೇಬಲ್ ಸಾ ಕೊಳ್ಳುವಾಗ ನಿಮ್ಮ ದುಡ್ಡು ಹೋಗಬೇಕಾದ್ದೂ ಇವುಗಳ ಮೇಲೆಯೇ.

ಸಾಮಾನ್ಯ 10 ಇಂಚಿನ ಬ್ಲೇಡ್ ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. 40 ಹಲ್ಲಿನ ಬ್ಲೇಡಾದರೆ ಸೆಕೆಂಡಿಗೆ 3,200 ಹಲ್ಲು ಹಾದುಹೋಗುತ್ತವೆ. ನೀವು ಬೆಚ್ಚಿ ಕೈ ಹಿಂತೆಗೆಯಲು ಕಾಲು ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 800 ಹಲ್ಲು. ಅಮೆರಿಕವೊಂದರಲ್ಲೇ ವರ್ಷಕ್ಕೆ ಸುಮಾರು 30 ಸಾವಿರ ಜನ ಟೇಬಲ್ ಸಾ ಬ್ಲೇಡ್ ತಗಲಿ ಆಸ್ಪತ್ರೆಗೆ ಹೋಗುತ್ತಾರೆ.

ಮಾರ್ಬಲ್ ಕಟರ್ ಅನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಕಟ್ಟಿ ಟೇಬಲ್ ಸಾ ಮಾಡುವ ರೀಲ್‌ಗಳು ಈಗ ಎಲ್ಲೆಡೆ ಇವೆ. ಕಡಿಮೆ ಖರ್ಚು, ನಿಜ. ಆದರೆ ಆ ಯಂತ್ರದ ವೇಗ ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸು. ಪ್ರತಿ ಬ್ಲೇಡಿನ ಮೇಲೂ ಗರಿಷ್ಠ ಆರ್‌ಪಿಎಂ ಅಚ್ಚಾಗಿರುತ್ತದೆ, ಯಂತ್ರದ ವೇಗ ಅದನ್ನು ಮೀರಬಾರದು. ಮೀರಿದರೆ ಹಲ್ಲಿನ ತುದಿಗೆ ಬೆಸೆದ ಕಾರ್ಬೈಡ್ ಚೂರು ಗುಂಡಿನಂತೆ ಹಾರಬಹುದು. ಇಂಥ ಮೇಜಿನಲ್ಲಿ ಬ್ಲೇಡಿಗೆ ಮುಚ್ಚಳವೂ ಇರುವುದಿಲ್ಲ, ಸ್ವಿಚ್ ಕೈಗೆಟುಕುವುದೂ ಇಲ್ಲ. ಆ ಉಳಿತಾಯ ನಮಗೆ ಸರಿ ಕಾಣುವುದಿಲ್ಲ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ರೈವಿಂಗ್ ನೈಫ್. ಬ್ಲೇಡಿನ ಬೆನ್ನಿಗೇ ನಿಂತಿರುವ ತೆಳು ಉಕ್ಕಿನ ಪಟ್ಟಿ ಅದು, ಬ್ಲೇಡ್ ಏರಿದರೆ ತಾನೂ ಏರುತ್ತದೆ. ಅದರ ಕೆಲಸ ತಿಳಿಯಲು ಬ್ಲೇಡ್ ತಿರುಗುವ ದಿಕ್ಕು ನೋಡಿ. ನಿಮ್ಮ ಕಡೆಯ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ, ಹಿಂದಿನ ಹಲ್ಲುಗಳು ಮೇಲಕ್ಕೆದ್ದು ನಿಮ್ಮತ್ತಲೇ ಬರುತ್ತವೆ. ಒಳಗೆ ಬಿಗಿತವಿರುವ ಮರ ಸೀಳಿದ ಮೇಲೆ ಮತ್ತೆ ಕೂಡಿಕೊಂಡು ಹಿಂದಿನ ಹಲ್ಲನ್ನು ಹಿಡಿದರೆ ಹಲಗೆ ಎದ್ದು ನಿಮ್ಮ ಹೊಟ್ಟೆಗೆ ಬಡಿಯುತ್ತದೆ. ಇದೇ ಕಿಕ್‌ಬ್ಯಾಕ್. ಹಲಗೆಯ ಜೊತೆಗೆ ಕೈ ಬ್ಲೇಡಿನೆಡೆಗೆ ಜಾರುವುದೂ ಆಗಲೇ. ರೈವಿಂಗ್ ನೈಫ್ ಆ ಸೀಳು ಮುಚ್ಚದಂತೆ ತಡೆಯುತ್ತದೆ. ಅದಿಲ್ಲದ ಯಂತ್ರ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ.

ಎರಡನೆಯದು ಫೆನ್ಸ್, ಅಂದರೆ ಹಲಗೆ ಒರಗಿ ಸಾಗುವ ಉದ್ದನೆಯ ಪಟ್ಟಿ. ಅಂಗಡಿಗೆ ಅಳತೆ ಟೇಪ್ ಒಯ್ಯಿರಿ. ಪ್ಲಗ್ ತೆಗೆಸಿ, ಫೆನ್ಸ್ ಬಿಗಿದು, ಬ್ಲೇಡಿನ ಮುಂದಿನ ಹಲ್ಲಿನಿಂದಲೂ ಹಿಂದಿನ ಹಲ್ಲಿನಿಂದಲೂ ಅದಕ್ಕಿರುವ ದೂರ ಅಳೆಯಿರಿ. ಎರಡೂ ಒಂದೇ ಇರಬೇಕು. ಸಡಿಲಿಸಿ ಮತ್ತೆ ಬಿಗಿದಾಗಲೂ ಹಾಗೇ ಇರಬೇಕು. ಹಿಂಭಾಗ ಬ್ಲೇಡಿನ ಕಡೆ ವಾಲಿದ್ದರೆ ಕಿಕ್‌ಬ್ಯಾಕ್‌ಗೆ ಅದೇ ಕಾರಣವಾದೀತು. ಬ್ಲೇಡನ್ನು ಬೆರಳಿನಿಂದ ಪಕ್ಕಕ್ಕೆ ಅಲ್ಲಾಡಿಸಿದರೆ ಅಕ್ಷ ಅಲುಗಬಾರದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ಬಿಟ್ಟು ಇದನ್ನು ನೋಡಲಿ.

ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಮನೆಗೆಲಸಕ್ಕೆ 1,500ರಿಂದ 2,000 ವ್ಯಾಟ್ ಸಾಕು. 1,800 ವ್ಯಾಟ್ ಯಂತ್ರ 230 ವೋಲ್ಟ್‌ನಲ್ಲಿ 8 ಆಂಪಿಯರ್ ಹತ್ತಿರ ಎಳೆಯುತ್ತದೆ, ಆದ್ದರಿಂದ ಟಿವಿ ಹಾಕುವ ಸಣ್ಣ ಪ್ಲಗ್ ಸಾಲದು, ಗೀಸರ್ ಹಾಕುವಂಥ ದೊಡ್ಡ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಬೇಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಬ್ಲೇಡ್ ತೆಗೆದುಕೊಳ್ಳಿ. ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈವುಡ್‌ಗೆ 60 ಅಥವಾ 80. ಒಂದೇ ಕೊಳ್ಳುವುದಾದರೆ 40.

ಕೈಗವಸು ಹಾಕಿದರೆ ಬೆರಳು ಉಳಿಯುತ್ತದೆ ಎಂಬ ನಂಬಿಕೆಯೂ ಇದೆ. ಇದು ತಿರುಗುಮುರುಗು. ಹಲ್ಲಿಗೆ ಸಿಕ್ಕ ಬಟ್ಟೆ ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಗವಸು, ಸಡಿಲ ತೋಳು, ದುಪಟ್ಟಾ, ಕೈದಾರ ಯಾವುದೂ ಬೇಡ. ಮರವನ್ನು ತಳ್ಳುವುದಕ್ಕೆ ತಳ್ಳುಗೋಲು ಬಳಸಿ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಇರಲಿ. ಮರದ ನುಣ್ಣನೆ ಧೂಳು ಕ್ಯಾನ್ಸರ್ ತರುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಕೊನೆಯ ವರ್ಷಗಳು

ತಬಿತಾ ಹೆಸರಿಗೆ ಬೇರೆ ಶೋಧಗಳೂ ಅಂಟಿಕೊಂಡಿವೆ. ಚರಕದ ತಲೆಯ ಸುಧಾರಣೆ ಅವರ ಕಸುಬಿಗೆ ಹತ್ತಿರದ್ದು, ಒಪ್ಪಬಹುದು. ಕಬ್ಬಿಣದ ಪಟ್ಟಿಯಿಂದ ಮೊಳೆ ಕತ್ತರಿಸುವ ವಿಧಾನವೂ ಅವರದೇ ಎನ್ನುತ್ತಾರೆ, ಆದರೆ ಅದಕ್ಕೆ ಅಮೆರಿಕದಲ್ಲಿ 1790ರ ದಶಕದಲ್ಲೇ ಯಂತ್ರಗಳಿದ್ದವು. ಕೃತಕ ಹಲ್ಲು ತಯಾರಿಸುವ ವಿಧಾನವೊಂದರ ಮೇಲೆ ಇಳಿವಯಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು ಎಂದೂ ಹೇಳುತ್ತಾರೆ.

13ನೇ ವಯಸ್ಸಿಗೆ ಸೇರಿದ ಸಮುದಾಯವನ್ನು ಅವರು ಬಿಡಲಿಲ್ಲ. 1853ರ ಡಿಸೆಂಬರ್‌ನಲ್ಲಿ, 74 ತುಂಬಿದ ಮರುದಿನ, ತೀರಿಕೊಂಡರು. ಮಕ್ಕಳಿಲ್ಲದ ಆ ಪಂಗಡ ಹೊಸಬರು ಬಂದು ಸೇರಿದರಷ್ಟೇ ಉಳಿಯುತ್ತಿತ್ತು. ಬರುವವರು ಕಡಿಮೆಯಾದರು. ಹಾರ್ವರ್ಡ್‌ನ ಶೇಕರ್ ಹಳ್ಳಿ 1918ರಲ್ಲಿ ಮುಚ್ಚಿತು.